ಕೀಲಿ ತೆಗೆದರೂ ನಿಲ್ಲದ ಕಾರು

ಶಿಕಾರಿಪುರದಲ್ಲಿ ಕಾರಿನ ಸದ್ದು ಕೇಳಿದರೆ ಅದು ಯಾರ ಕಾರೆಂದು ಹೊರಗೆ ಬಂದು ನೋಡಬೇಕಾಗಿಲ್ಲದ ಕಾಲ ಅದು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಊರಲ್ಲಿದ್ದ ನಾಲ್ಕಾರು ಕಾರುಗಳಿಗೆ ನಾಲ್ಕಾರು ಬಗೆಯ ಕೆಮ್ಮು. ಜನ ಒಳಗೆ ಕೂತೇ ಗುರುತು ಹಿಡಿಯುತ್ತಿದ್ದರು. ಹಾರ್ನ್ ಕೇಳಿದೊಡನೆ ಹುಡುಗರು ಗೋಲಿ ಬಿಟ್ಟು ಓಡಿ ಬಂದು, ಕಾರು ಹೋದ ಮೇಲೆ ಉಳಿದ ಧೂಳನ್ನೂ ಪೆಟ್ರೋಲಿನ ವಾಸನೆಯನ್ನೂ ಮೂಗು ಅರಳಿಸಿ ಎಳೆದುಕೊಳ್ಳುತ್ತಿದ್ದರು. ನನ್ನ ವಯಸ್ಸಿನವರು ಯಾರಾದರೂ ಇದನ್ನು ಓದುತ್ತಿದ್ದರೆ ಆ ವಾಸನೆ ನಿಮಗೂ ಇಷ್ಟವಿದ್ದಿರಬೇಕು. ನನಗೂ ಮೊದಮೊದಲು ಇಷ್ಟವೇ ಇತ್ತು. ಈಗ ಪೆಟ್ರೋಲ್ ಬಂಕಿನ ಮುಂದೆ ಹಾದುಹೋಗುವಾಗ ಸೆರಗು ತಾನಾಗಿ ಮೂಗಿಗೆ ಹೋಗುತ್ತದೆ. ಜೊತೆಯಲ್ಲಿದ್ದವರು ನನಗೆ ಮೈ ಸರಿಯಿಲ್ಲ ಎಂದುಕೊಳ್ಳುತ್ತಾರೆ. ನಾನೂ ಹೌದೆನ್ನುತ್ತೇನೆ.

ನಮ್ಮೂರು ಸೊರಬ ತಾಲೂಕಿನ ಉಳವಿ. ಆ ವರ್ಷದ ಬೇಸಿಗೆಯಲ್ಲಿ ನನ್ನ ಅಕ್ಕ ಗಿರಿಜೆಯನ್ನು ಶಿಕಾರಿಪುರದ ಅಕ್ಕಿ ಗಿರಣಿಯವರ ಮನೆಗೆ ಕೊಟ್ಟರು. ಅಕ್ಕನಿಗೆ ಹದಿನೇಳು, ನನಗೆ ಒಂಬತ್ತು. ಮದುವೆಯಾಗಿ ಮೊದಲ ಸಲ ಗಂಡನ ಮನೆಗೆ ಹೊರಟವಳ ಜೊತೆಗೆ ತವರಿನ ಇನ್ನೊಬ್ಬ ಹುಡುಗಿಯನ್ನು ಕಳಿಸುವ ರೂಢಿ ನಮ್ಮಲ್ಲಿತ್ತು. ಹೊಸ ಮನೆಯಲ್ಲಿ ಬಾಯಿ ಬಿಟ್ಟು ಮಾತಾಡಲು ಅವಳಿಗೆ ತನ್ನವರೊಬ್ಬರು ಇರಲಿ ಎಂದು. ಶಾಲೆಗೆ ರಜ, ಹಾಗಾಗಿ ಆ ಪಾಳಿ ನನಗೆ ಬಂತು. ಹೊಸ ಲಂಗ, ಕೈತುಂಬ ಬಳೆ, ಅದರ ಮೇಲೆ ಕಾರಿನ ಸವಾರಿ. ಅಮ್ಮ ಅಷ್ಟು ಅಳುತ್ತಿದ್ದರೂ ಈ ಹುಡುಗಿ ಒಂದು ಹನಿ ಕಣ್ಣೀರು ಹಾಕಲಿಲ್ಲವಲ್ಲ ಎಂದು ಮನೆಯವರು ನನ್ನನ್ನು ಬಹಳ ದಿನ ಆಡಿಕೊಂಡರು.

ಅಕ್ಕನ ಬಗ್ಗೆ ಒಂದು ಮಾತು ಹೇಳಬೇಕು. ಯಾವುದಾದರೂ ಕೆಟ್ಟರೆ ಅದು ಏಕೆ ಕೆಟ್ಟಿತು ಎಂದು ತಿಳಿಯುವವರೆಗೆ ಅವಳಿಗೆ ಸಮಾಧಾನವಿರಲಿಲ್ಲ. ಒಮ್ಮೆ ಮನೆಯಲ್ಲಿ ಹಾಲು ಹೆಪ್ಪುಗಟ್ಟದೆ ದಿನಾ ಕೆಡತೊಡಗಿತು. ಯಾರದೋ ದೃಷ್ಟಿ ಎಂದು ಅಮ್ಮ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅಕ್ಕ ಹಳೆಯದೊಂದು, ಆಗ ಬಳಸುತ್ತಿದ್ದ ಹೊಸದೊಂದು ಹೀಗೆ ಎರಡು ಗಡಿಗೆ ತಂದು ಒಂದೇ ಹಾಲನ್ನು ಪಾಲು ಮಾಡಿ ಅಕ್ಕಪಕ್ಕದಲ್ಲಿಟ್ಟಳು. ಮರುದಿನ ಹಳೆಯ ಗಡಿಗೆಯಲ್ಲಿ ಗಟ್ಟಿ ಮೊಸರು, ಹೊಸದರಲ್ಲಿ ನೀರು. ಅದನ್ನೇ ಇನ್ನೂ ಕೆಲವು ದಿನ ಮಾಡಿ, ಕೊನೆಗೆ ಹೊಸ ಗಡಿಗೆಯನ್ನು ಹಿತ್ತಿಲಿಗೆ ಎಸೆದು ಬಂದಳು. ಅಪ್ಪನಿಗೆ ಅವಳ ಬಗ್ಗೆ ಹೆಮ್ಮೆ. ಅಮ್ಮನಿಗೆ ಮಾತ್ರ, ಇಷ್ಟು ಬುದ್ಧಿ ಇರುವವಳನ್ನು ಹೇಗಪ್ಪಾ ಒಂದು ಮನೆ ಸೇರಿಸುವುದು ಎಂದು ಹೆದರಿಕೆ.

ಅಕ್ಕನ ಮಾವನವರು ಮದುವೆಗೆ ಸ್ವಲ್ಪ ಮುಂಚೆ ಶಿವಮೊಗ್ಗದಲ್ಲಿ ಒಂದು ಹಳೆಯ ವಿಲಾಯತಿ ಕಾರು ಕೊಂಡಿದ್ದರು. ಕಪ್ಪು ಬಣ್ಣ, ಕೆಂಪು ಚರ್ಮದ ಸೀಟು. ಅದನ್ನು ಓಡಿಸುವವನು ಅಕ್ಕನ ಅತ್ತೆ ನೀಲಮ್ಮನವರ ತಮ್ಮ ಶಿವಣ್ಣ. ಬೇರೆ ಕೆಲಸವಿಲ್ಲದೆ ತನ್ನ ಅಕ್ಕನ ಮನೆಯಲ್ಲೇ ಬೀಡುಬಿಟ್ಟಿದ್ದವನು, ಕಾರು ಬಂದ ಮೇಲೆ ಏಕಾಏಕಿ ದೊಡ್ಡ ಮನುಷ್ಯನಾಗಿದ್ದ. ಪೆಟ್ರೋಲು ತರುವವನು ಅವನೇ, ಬಾನೆಟ್ ಎತ್ತಿ ಒಳಗೆ ಕೈ ಹಾಕುವವನೂ ಅವನೇ. ಬೇರೆಯವರು ಹತ್ತಿರ ಹೋದರೆ ಬೈಯುತ್ತಿದ್ದ.

ಉಳವಿಯಿಂದ ಸೊರಬ, ಶಿರಾಳಕೊಪ್ಪದ ಮೇಲೆ ಶಿಕಾರಿಪುರ. ಸುಡು ಮಧ್ಯಾಹ್ನ. ಕಾರಿನೊಳಗೆ ಹಿಡಿಸುವುದಕ್ಕಿಂತ ಹೆಚ್ಚು ಜನ, ತಲೆಯ ಮೇಲೆ ಹಾಸಿಗೆ ಟ್ರಂಕು. ಸೀಟಿನ ಚರ್ಮ ತೊಡೆಗೆ ಚುರುಗುಟ್ಟುತ್ತಿತ್ತು. ದಾರಿಯುದ್ದಕ್ಕೂ ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು, ಅವಳ ಕೈ ಬೆವೆತು ಮದರಂಗಿಯ ವಾಸನೆ ನನ್ನ ಕೈಗೂ ಅಂಟಿತ್ತು. ಮನೆಯ ಮುಂದೆ ಕಾರು ನಿಂತಾಗ, ನಮಗಿಂತ ಮೊದಲೇ ಮರಳಿದ್ದ ನೀಲಮ್ಮನವರು ಆರತಿ ತಟ್ಟೆ ಹಿಡಿದು ಹೊಸ್ತಿಲಲ್ಲಿ ಕಾದಿದ್ದರು. ಶಿವಣ್ಣ ಕೀಲಿ ತಿರುಗಿಸಿ ಹೊರಗೆ ತೆಗೆದು ಬೆರಳಿಗೆ ಸಿಕ್ಕಿಸಿಕೊಂಡ. ಅಕ್ಕ ಬಲಗಾಲಿಟ್ಟು ಇಳಿದಳು.

ಆಗ, ನಿಂತಿದ್ದ ಇಂಜಿನ್ನು ಮತ್ತೆ ಗುಡ್ ಎಂದಿತು. ಆಮೇಲೆ ಇನ್ನೊಂದು ಗುಡ್. ಆಮೇಲೆ ಇಡೀ ಕಾರು ಚಳಿಜ್ವರ ಬಂದವರ ಹಾಗೆ ಅದುರುತ್ತ ಗುಡುಗುಡು ಎನ್ನತೊಡಗಿತು. ಹಿಂದಿನಿಂದ ಕಪ್ಪು ಹೊಗೆ. ನೀಲಮ್ಮನವರು ಹಿಂದಕ್ಕೆ ಸರಿದರು, ತಟ್ಟೆ ಓರೆಯಾಗಿ ಕುಂಕುಮದ ನೀರೆಲ್ಲ ಅವರ ಸೀರೆಯ ಮೇಲೇ ಚೆಲ್ಲಿತು.

"ಬಂದ್ ಮಾಡೋ ಅದನ್ನ," ಎಂದರು.

"ಬಂದ್ ಮಾಡೀನಿ ಅಕ್ಕಾ. ಚಾವಿ ನನ್ನ ಕೈಯಾಗೈತಿ ನೋಡು," ಎಂದ ಶಿವಣ್ಣ ಬೆರಳು ಎತ್ತಿ ತೋರಿಸಿದ.

ಕಾರು ಇನ್ನಷ್ಟು ಕೆಮ್ಮಿ, ಒಮ್ಮೆ ಜೋರಾಗಿ ಢಂ ಎಂದು ನಿಂತಿತು. ವಾಲಗದವರು ಊದುವುದನ್ನು ಬಿಟ್ಟು ಕಾರಿನ ಕಡೆ ತಿರುಗಿದರು. ನೀಲಮ್ಮನವರು ಒದ್ದೆ ಸೀರೆಯನ್ನು ನೋಡಿಕೊಂಡರು, ಅಕ್ಕನ ಪಾದ ನೋಡಿದರು.

"ಇಷ್ಟು ದಿನ ಸುಮ್ನ ನಿಲ್ತಿತ್ತು. ಈಕಿ ಕಾಲು ನೆಲಕ್ಕಿಟ್ಟ ಕೂಡ್ಲೇ ಹಿಂಗಾತಲ್ಲ," ಎಂದರು. ಮೆಲ್ಲಗೇ ಅಂದರು. ಕಾಲ್ಗುಣ ಎಂಬ ಮಾತನ್ನು ಆಗಿನ್ನೂ ಯಾರೂ ಆಡಲಿಲ್ಲ. ಸಂಜೆಯೊಳಗೆ ಓಣಿಯ ತುಂಬ ಅದೇ ಮಾತಾಯಿತು.

ನಾನು ಚಿಕ್ಕವಳು. ನನಗೆ ಆ ಮನೆ ಹಬ್ಬವಾಗಿತ್ತು ಎಂದರೆ ಸುಳ್ಳಲ್ಲ. ನಮ್ಮಲ್ಲಿ ಮೂರು ಹೊತ್ತೂ ಅನ್ನ, ಅಲ್ಲಿ ಬೆಳಿಗ್ಗೆಯೇ ರೊಟ್ಟಿ ತಟ್ಟುವ ಸದ್ದು. ಸಂಜೆಗೆ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ. ಗಿರಣಿಯ ಅಂಗಳದಲ್ಲಿ ಓಣಿಯ ಹುಡುಗಿಯರ ಜೊತೆ ಕುಂಟಾಬಿಲ್ಲೆ ಆಡಿ ಬಂದರೆ ಮೊಣಕಾಲಿನವರೆಗೂ ತೌಡಿನ ಧೂಳು. ಹುಣಸೆ ಬೀಜ ಉಜ್ಜಿ ಚೌಕಾಬಾರ. ಬಿಸಿಲೇರಿದ ಮೇಲೆ ಕಾರಿನ ಹಿಂದಿನ ಸೀಟಿನಲ್ಲಿ ಕಳ್ಳತನದಿಂದ ಕೂತು ಆ ಚರ್ಮದ ವಾಸನೆ ಕುಡಿಯುವುದು.

ಹುಡುಗಿಯರ ಒಂದು ಆಟ ಮಾತ್ರ ನನಗೆ ಬೇಗ ಕಹಿಯಾಯಿತು. ಒಬ್ಬಳು ಕಾರು. ಇನ್ನೊಬ್ಬಳು ಅವಳ ಕಿವಿ ತಿರುಚಿ ಕೀಲಿ ತೆಗೆಯಬೇಕು. ಮತ್ತೊಬ್ಬಳು ಸೆರಗು ಹೊದ್ದು ಇಳಿಯಬೇಕು, ಅವಳು ನೆಲ ಮುಟ್ಟಿದ ಕೂಡಲೇ ಕಾರು ಗುಡುಗುಡು ಎನ್ನಬೇಕು. "ಸೊರಬದ ಸೊಸಿ ಇಳದ್ಲು, ಗಾಡಿಗೆ ಗಾಳಿ ಬಡೀತು" ಎಂದು ಎಲ್ಲರೂ ಕೂಗುವುದು. ನನ್ನನ್ನೇ ಸೊಸೆ ಮಾಡಿದರು. ಎರಡು ಸಲ ನಗುನಗುತ್ತ ಇಳಿದೆ. ಮೂರನೆಯ ಸಲ ತಲೆ ಎತ್ತಿದರೆ ಅಡಿಗೆಮನೆಯ ಕಿಟಕಿಯಲ್ಲಿ ಅಕ್ಕನ ಮುಖ. ನಾನು ಆ ಹುಡುಗಿಯರ ಸಂಗ ಅಂದಿಗೇ ಬಿಟ್ಟೆ.

ಕಾರಿಗೆ ಏನೇನು ಮಾಡಿದರೆಂದು ಕೇಳಿ. ಗಾಲಿಯ ಕೆಳಗೆ ನಿಂಬೆಹಣ್ಣು, ಮುಂದೆ ಬೂದುಗುಂಬಳ, ಒಳಗೆ ಕಟ್ಟಿದ ತಾಯಿತ. ಸ್ವಾಮಿಗಳೊಬ್ಬರು ಬಂದು ಬಾನೆಟ್ಟಿಗೆ ವಿಭೂತಿ ಬಳಿದು ಹೋದರು. ಇಂಜಿನ್ನನ್ನು ಯಾರಿಗಾದರೂ ತೋರಿಸೋಣ ಎಂದು ಮಾವನವರು ಒಮ್ಮೆ ಎಂದರು. ಶಿವಣ್ಣನಿಗೆ ಅದು ಅವಮಾನ. "ಇಂಜಿನ್ನಿಗೆ ಏನೂ ಆಗಿಲ್ಲ ಭಾವಾ. ಹುಲಿ ಇದ್ದಂಗ ಐತಿ," ಎಂದ. ಅಲ್ಲಿಗೆ ಆ ಮಾತು ಮುಗಿಯಿತು. ಇಂಜಿನ್ನು ಹುಲಿ, ಇನ್ನು ಉಳಿದವಳು ಸೊಸೆ.

ನೀಲಮ್ಮನವರು ದಡ್ಡರಲ್ಲ. ಅದನ್ನು ಒಪ್ಪಲೇಬೇಕು, ಒಪ್ಪುವಾಗ ನನಗೆ ಇನ್ನೂ ಸಿಟ್ಟು ಬರುತ್ತದೆ. ಬಾಯಿಗೆ ಬಂದಂತೆ ಅಂದು ಬಿಟ್ಟವರಲ್ಲ ಅವರು, ಪರೀಕ್ಷೆ ಮಾಡಿದರು. ಮೊದಲು ಬೆಳಗಿನ ತಂಪಿನಲ್ಲಿ ತಾವೊಬ್ಬರೇ ಕಾರಿನಲ್ಲಿ ಕೂತು ಗಿರಣಿಗೆ ಹೋಗಿ ಬಂದರು. ಶಿವಣ್ಣ ಕೀಲಿ ತೆಗೆದ; ಕಾರು ತೆಪ್ಪಗೆ ನಿಂತಿತು. ಮರುದಿನವೂ ಹಾಗೇ. ಆಮೇಲೆ ಅಕ್ಕನನ್ನು ಕೂರಿಸಿಕೊಂಡು, ಮನೆಮಂದಿಯೆಲ್ಲ ತುಂಬಿಕೊಂಡು, ಸೊರಬದ ಕಡೆಯ ನೆಂಟರ ಮನೆಗೆ ಊಟಕ್ಕೆ ಹೋದರು. ಬಿಸಿಲಲ್ಲಿ ಮರಳಿ ಬಂದು ನಿಂತಾಗ ಕಾರು ಗುಡುಗುಟ್ಟಿತು. ಮತ್ತೆ ಅಕ್ಕನಿಲ್ಲದೆ ಊರೊಳಗೆ, ಸುಮ್ಮನೆ ನಿಂತಿತು. ಅಕ್ಕನ ಜೊತೆ ಶಿವಮೊಗ್ಗಕ್ಕೆ, ಗುಡುಗುಡು. ಪ್ರತಿ ಸಲವೂ ಅಕ್ಕಪಕ್ಕದ ಹೆಂಗಸರನ್ನು ಕರೆದು ತೋರಿಸಿದರು.

"ನಾ ಏನೂ ಅನ್ನಂಗಿಲ್ಲವಾ. ನಿಮ್ಮ ಕಣ್ಣಿಲೇ ನೋಡ್ರಿ," ಎನ್ನುತ್ತಿದ್ದರು.

ಆ ಹೆಂಗಸರು ನೋಡಿದರು. ನೋಡಿದ್ದು ನಿಜವೇ, ಅದೇ ದುರದೃಷ್ಟ.

ಅಕ್ಕ ಅಷ್ಟೂ ದಿನ ಒಳಗೆ ಒಲೆಯ ಮುಂದೆ ಕೂತು ಕೇಳುತ್ತಿದ್ದಳು. ಹೊಸ ಸೊಸೆ ಹೊರಗೆ ಬಂದು ಕಾರು ನೋಡುವಂತಿಲ್ಲ, ಕೇಳುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತ ನನ್ನನ್ನು ಹತ್ತಿರ ಕರೆದಳು.

"ಶಾರದೀ, ನಿನ್ನೆ ಶಿವಣ್ಣಮಾವ ಒಬ್ಬನೇ ಶಿವಮೊಗ್ಗಕ್ಕೆ ಹೋಗಿ ಬಂದ್ನಲ್ಲ, ಬಂದು ಕಾರು ಎಲ್ಲಿ ನಿಲ್ಸಿದ?"

"ಗಿರಣಿ ಹತ್ರ."

"ಎಂತಕ್ಕೆ? ಮನೆ ಮುಂದೆ ಎಂತಕ್ಕೆ ನಿಲ್ಸಿಲ್ಲ? ನಾನು ಇಲ್ಲಿಂದ ಕೇಳ್ದೆ ಕಣೆ. ಅಲ್ಲೂ ಗುಡುಗುಟ್ತು. ನಾನಿರಲಿಲ್ಲ ಅದ್ರಲ್ಲಿ."

ಅವಳ ಕಣ್ಣು ಹೊಳೆಯುತ್ತಿತ್ತು. ರೊಟ್ಟಿ ಸೀದುಹೋಗುತ್ತಿರುವುದು ಅವಳಿಗೆ ಕಾಣಲಿಲ್ಲ.

"ದೂರ ಹೋದ್ರೆ ನಿಲ್ಲೂದಿಲ್ಲ, ಹತ್ರ ಹೋದ್ರೆ ನಿಲ್ತದೆ. ಅಷ್ಟೇ. ಅತ್ತೆ ನನ್ನನ್ನು ಕೂರ್ಸಿದ್ದೆಲ್ಲ ದೂರಕ್ಕೆ, ಬಿಟ್ಟಿದ್ದೆಲ್ಲ ಹತ್ರಕ್ಕೆ. ಕಾಯ್ತದೆ ಅದು. ಕಾದ ಮೇಲೆ ಒಳಗೆಲ್ಲೋ ಕೆಂಡ ಉಳೀತದೆ. ನನ್ನನ್ನು ಊರೊಳಗೆ ಒಂದು ಸುತ್ತು ಹಾಕ್ಸಿ ನೋಡ್ಲಿ. ತಣ್ಣಗೆ ನಿಲ್ತದೆ."

ಕಾರಿನ ಒಳಗನ್ನು ಒಮ್ಮೆಯೂ ಕಾಣದವಳು ಅಷ್ಟನ್ನು ಹೇಳಿದಳು. ಆ ಮನೆಯಲ್ಲಿ ಬಾಯಿದ್ದವರು ಬೇಕಾದಷ್ಟು ಜನರಿದ್ದರು, ಅವಳ ಹಾಗೆ ಕಿವಿಯಿದ್ದವರು ಯಾರೂ ಇರಲಿಲ್ಲ. ಇದನ್ನು ಹೇಳಬೇಕಾದದ್ದು ಯಾರಿಗೆ? ಅತ್ತೆಗೆ ಎದುರು ಮಾತಾಡುವಂತಿಲ್ಲ. ಉಳಿದವರು ಗಂಡ.

ಮಾದೇವಪ್ಪ ಭಾವ ಒಳ್ಳೆಯವರು. ಅವರನ್ನು ಕಂಡ ಎಲ್ಲರೂ ಇದೇ ಮಾತು ಹೇಳುತ್ತಿದ್ದರು, ಅದಕ್ಕಿಂತ ಹೆಚ್ಚಿನದನ್ನು ಯಾರೂ ಹೇಳಲಿಲ್ಲ. ನನಗೆ ಪೆಪ್ಪರಮಿಂಟ್ ತಂದುಕೊಡುತ್ತಿದ್ದರು. ಹಿತ್ತಿಲ ಬಾವಿಯ ಹತ್ತಿರ ಅಕ್ಕ ಅವರಿಗೆ ಎಲ್ಲವನ್ನೂ ಹೇಳಿದಾಗ ನಾನು ಪಕ್ಕದಲ್ಲೇ ಪಾತ್ರೆ ತಿಕ್ಕುತ್ತಿದ್ದೆ. ಅವರು ಗಮನವಿಟ್ಟು ಕೇಳಿದರು.

"ನೀ ಹೇಳೂದು ಖರೇ ಇರಬಹುದು," ಎಂದರು. "ಅವ್ವ ಮನ್ಯಾಗ ಇಲ್ಲದಾಗ ಒಂದ್ಸಲ ನೋಡಿಬಿಡೂಣು."

ಆ ದಿನವೂ ಬಂತು. ಈಸೂರಿನಲ್ಲಿ ಯಾರೋ ನೆಂಟರು ಹಾಸಿಗೆ ಹಿಡಿದಿದ್ದರು. ಶಿವಣ್ಣನಿಗೆ ಜ್ವರ, ಹಾಗಾಗಿ ನೀಲಮ್ಮನವರು ಬಸ್ಸಿನಲ್ಲಿ ಹೋದರು. ಭಾವನಿಗೂ ಕಾರು ಓಡಿಸಲು ಬರುತ್ತಿತ್ತು. ಕಾರು ಮನೆಯ ಮುಂದೆ ತಣ್ಣಗೆ ನಿಂತಿತ್ತು. ಅಕ್ಕ ಧಾರೆ ಸೀರೆಯುಟ್ಟು, ತಲೆ ಬಾಚಿ, ಬಾಗಿಲ ಹಿಂದೆ ಬಂದು ನಿಂತಳು. ಮದುವೆಯಾಗಿ ಬಂದ ಮೇಲೆ ಅವಳು ಅಷ್ಟು ಸಂತೋಷವಾಗಿದ್ದುದನ್ನು ನಾನು ಕಂಡಿರಲಿಲ್ಲ. ಕೆರೆ ದಂಡೆಯವರೆಗೆ ಹೋಗಿ ಬರುವುದು, ಎದುರುಮನೆಯ ಹೆಂಗಸರನ್ನು ಸಾಕ್ಷಿಗೆ ಕರೆಯುವುದು, ಅವರ ಮುಂದೆ ಕೀಲಿ ತೆಗೆಯುವುದು. ಇಷ್ಟೇ ಆಗಬೇಕಾಗಿದ್ದದ್ದು.

ಭಾವ ಗೋಡೆಯ ಮೊಳೆಯಿಂದ ಕೀಲಿ ತೆಗೆದುಕೊಂಡು ಜಗಲಿಗೆ ಬಂದರು. ಓಣಿಯ ಆ ತುದಿ ನೋಡಿದರು, ಈ ತುದಿ ನೋಡಿದರು. ಎದುರು ಕಟ್ಟೆಯ ಮೇಲೆ ಇಬ್ಬರು ಮುದುಕರು ಎಲೆಅಡಿಕೆ ಹಾಕುತ್ತ ಕೂತಿದ್ದರು. ಭಾವ ಸ್ವಲ್ಪ ಹೊತ್ತು ಕೀಲಿಯನ್ನು ಅಂಗೈಯಲ್ಲಿ ಆಡಿಸಿ ಒಳಗೆ ಬಂದರು.

"ಹಗಲೊತ್ತಿನಾಗ ಹೆಂಡ್ತಿನ ಕೂರಿಸ್ಕೊಂಡು ಹೊಂಟಾನ ಅಂತಾರ," ಎಂದರು. "ಅವ್ವನ ಕಿವಿಗೆ ಬಿದ್ರ ಮತ್ತೊಂದು ಆಕ್ಕತಿ. ಇನ್ನೊಮ್ಮೆ ನೋಡೂಣು ತಗಾ."

"ಯಾರು ಏನಂದ್ರೂ ಒಂದು ದಿನ ಅಂತಾರೆ," ಎಂದಳು ಅಕ್ಕ. "ಇದನ್ನು ನೋಡದಿದ್ರೆ ನನ್ನನ್ನು ದಿನಾ ಅಂತಾರಲ್ರೀ."

ಭಾವ ಕೀಲಿಯನ್ನು ಮೊಳೆಗೆ ಸಿಕ್ಕಿಸಿ ಗಿರಣಿಗೆ ನಡೆದುಕೊಂಡು ಹೋದರು. ಅಕ್ಕ ಅಳಲಿಲ್ಲ. ಸೀರೆ ಬದಲಿಸಿ ಅದನ್ನು ನೀಟಾಗಿ ಮಡಿಸಿಟ್ಟು, ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಳು. ಇನ್ನೊಮ್ಮೆ ಎಂಬುದು ಬರಲೇ ಇಲ್ಲ. ಆ ಮನುಷ್ಯನ ಮೇಲೆ ನನಗಿರುವ ಸಿಟ್ಟು ಅವರು ತೀರಿಕೊಂಡ ಮೇಲೂ ಇಳಿದಿಲ್ಲ. ಕಾಟ ಕೊಟ್ಟ ನೀಲಮ್ಮನವರನ್ನು ನಾನು ಯಾವತ್ತೋ ಕ್ಷಮಿಸಿದ್ದೇನೆ, ಅವರಿಗೆ ತಾವು ಹೇಳಿದ್ದರಲ್ಲಿ ನಂಬಿಕೆಯಾದರೂ ಇತ್ತು. ಭಾವನಿಗೆ ಸತ್ಯ ಗೊತ್ತಿತ್ತು.

ಆಷಾಢ ಬಂತು. ಹೊಸ ಸೊಸೆ ಆ ತಿಂಗಳು ತವರಿನಲ್ಲಿರಬೇಕು. ಶಿವಣ್ಣ ನಮ್ಮಿಬ್ಬರನ್ನೂ ಉಳವಿಗೆ ಕರೆತಂದ. ಅಂಗಳದಲ್ಲಿ ಕೀಲಿ ತೆಗೆದ ಮೇಲೆ ಕಾರು ತನ್ನ ಪಾಠ ಒಪ್ಪಿಸಿತು. ಅಪ್ಪ ಗಾಬರಿಯಾಗಿ ನೋಡಿದರು.

"ನಿಮ್ಮ ಮಗಳ ಮಹಿಮಾ ರೀ," ಎಂದು ಶಿವಣ್ಣ ನಕ್ಕ. "ಈ ಒಂದು ತಿಂಗಳು ನಮ್ಮ ಅಕ್ಕ ಕಾರನ್ನ ನೋಡ್ತಾಳಂತ. ಸುಮ್ನ ನಿಂತ್ರ, ಆಮ್ಯಾಲೆ ಏನು ಮಾಡೂದು ಅಂತ ಹೇಳಿ ಕಳಸ್ತಾಳಂತ."

ಅಂದರೆ ಅಕ್ಕನನ್ನು ಮರಳಿ ಕರೆಸುವುದೋ ಬಿಡುವುದೋ ಎಂಬುದು ಒಂದು ಇಂಜಿನ್ನಿನ ಮೇಲೆ ನಿಂತಿತು. ಅಮ್ಮ ಕಂಬ ಹಿಡಿದು ಕೂತುಬಿಟ್ಟಳು. ಶಿವಣ್ಣ ಕಾಫಿ ಕುಡಿದು ಹೋದ ಮೇಲೆ ಪಕ್ಕದ ಮನೆಯ ಮಂಜಕ್ಕ ಬೇಲಿಯ ಆಚೆಯಿಂದ ಹೇಳಿದಳು:

"ಇದೆಂತ ಹೊಸತನೇ? ಮದುವೆಗೆ ಬೀಗರು ಬಂದಿಳಿದ ದಿನವೂ ಇದು ಹಿಂಗೇ ಕುಣೀತು. ವಾಲಗದ ಗದ್ದಲದಲ್ಲಿ ನಿಮಗ್ಯಾರಿಗೂ ಕೇಳ್ಲಿಲ್ಲ. ನಾನು ಅದರ ಹಿಂದೇ ನಿಂತಿದ್ದೆ, ಹೊಗೆಯೆಲ್ಲ ನನ್ನ ಮುಖಕ್ಕೇ ಬಂತು."

ಅಕ್ಕ ಓಡಿಹೋಗಿ ಬೇಲಿಯ ಮೇಲಿಂದಲೇ ಮಂಜಕ್ಕನ ಕೈ ಹಿಡಿದುಕೊಂಡಳು. ತಾನು ಆ ಕಾರನ್ನು ಹತ್ತುವ ಮೊದಲೇ, ಇನ್ನೂ ತಾಳಿ ಕಟ್ಟುವ ಮೊದಲೇ ಅದು ಹೀಗೆ ಮಾಡಿತ್ತು. ಇನ್ನೇನು ಬೇಕು? ಆ ತಿಂಗಳಿಡೀ ಅವಳು ಅದನ್ನೇ ಹೇಳುತ್ತ ಓಡಾಡಿದಳು. ಅಪ್ಪನಿಗೂ ಧೈರ್ಯ ಬಂತು. ಕರೆಯಲು ಬಂದಾಗ ಮುಖದ ಮೇಲೆ ಹೇಳಿದರಾಯಿತು ಎಂದರು.

ಆಷಾಢ ಕಳೆಯಿತು, ಶ್ರಾವಣ ಬಂತು. ಯಾರೂ ಬರಲಿಲ್ಲ. ಊರಲ್ಲಿ ಆ ವರ್ಷ ಮದುವೆಯಾದ ಉಳಿದ ಹುಡುಗಿಯರು ಒಬ್ಬೊಬ್ಬರಾಗಿ ಗಂಡನ ಮನೆಗೆ ಹೋದರು. ಬಾವಿಕಟ್ಟೆಯಲ್ಲಿ ಹೆಂಗಸರು ಅಕ್ಕನನ್ನು ಬಹಳ ಪ್ರೀತಿಯಿಂದ ಮಾತಾಡಿಸತೊಡಗಿದರು. ಅವಳು ನೀರಿಗೆ ಹೋಗುವುದನ್ನು ಬಿಟ್ಟಳು, ಕೊಡ ನನ್ನ ಸೊಂಟಕ್ಕೆ ಬಂತು. ಕೊನೆಗೆ ಅಪ್ಪ ತಾವೇ ಹೊರಟರು. ನನ್ನ ಬಟ್ಟೆಗಳು ಅಲ್ಲೇ ಉಳಿದಿದ್ದವು, ಆ ನೆಪಕ್ಕೆ ನನ್ನನ್ನೂ ಕರೆದುಕೊಂಡು ಹೋದರು.

ಶಿಕಾರಿಪುರದಲ್ಲಿ ಮಾವನವರು ನಗುಮುಖದಿಂದಲೇ ಎದುರುಗೊಂಡರು. ಜಗಲಿಯಲ್ಲಿ ಕೂರಿಸಿ ತಾವಾಗಿಯೇ ವಿಷಯ ತೆಗೆದರು.

"ಬರ್ರಿ ಬೀಗರ. ಕಾರು ಸರಿ ಆತ್ರಿ. ದಿಬ್ಬ ಹತ್ತೂವಾಗ ಕಟಕಟ ಅನ್ನಾಕ ಶುರು ಮಾಡ್ತು, ನಂಗ ಸಾಕಾಗಿ ಶಿವಮೊಗ್ಗದಾಗ ಮಿಸ್ತ್ರಿಗೆ ತೋರಿಸ್ದೆ. ಇಂಜಿನ್ನಿನ ತಲಿ ಬಿಚ್ಚಿದ್ರ ಒಳಗ ಮಸಿ ಗಟ್ಟಿಯಾಗಿ ಕುಂತಿತ್ತು. ಕಾದ ಮ್ಯಾಲೆ ಅದು ಕೆಂಡ ಆಕ್ಕತಂತ. ಚಾವಿ ತಗದ್ರೂ ಆ ಕೆಂಡದಿಂದನ ಎಣ್ಣಿ ಹತ್ಕೊಂತಿತ್ತಂತ."

"ಮಸಿ ಯಾಕೆ ಕೂತ್ಕೊಳ್ತಂತೆ?" ಎಂದು ಅಪ್ಪ ಕೇಳಿದರು.

ಮಾವನವರು ಒಳಗೆ ನೋಡಿ ದನಿ ತಗ್ಗಿಸಿದರು. "ನಮ್ಮ ಶಿವಣ್ಣ ಪೆಟ್ರೋಲಿಗೆ ಸೀಮೆಎಣ್ಣಿ ಬೆರಸ್ತಿದ್ದ. ಹಂಗ ಮಾಡಿದ್ರ ಕಾರು ಭಾಳ ದೂರ ಓಡ್ತೈತಿ ಅಂತ ಯಾರೋ ಹೇಳಿದ್ರಂತ. ಅದರಿಂದ ಇಂಜಿನ್ನು ನಿಂತಲ್ಲಿ ನಿಂತು ಹೋಗಾಕ ಹತ್ತಿದ ಕೂಡ್ಲೇ ಒಂದು ಸ್ಕ್ರೂ ಬಿಗಿ ಮಾಡಿ ಜೋರು ತಿರುಗೂವಂಗ ಮಾಡಿದ್ದ. ಎರಡೂ ಕೂಡಿ ಹಿಂಗಾತು. ನಿಮ್ಮ ಮಗಳದು ಏನೂ ಇಲ್ಲ ಬಿಡ್ರಿ."

ಅಪ್ಪ ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡರು. ಒರೆಸುತ್ತಲೇ ಇದ್ದರು. ನಾನು ಮೇಲೆದ್ದು ನಿಂತೆ. ಅಕ್ಕ ಹೇಳಿದ ಮಾತೇ ಅದು. ಕೆಂಡ ಎಂದಿದ್ದಳು, ಕೆಂಡವೇ ಆಗಿತ್ತು. ಓಡಿಹೋಗಿ ಬಸ್ಸು ಹಿಡಿದು ಅವಳಿಗೆ ಹೇಳಬೇಕೆನ್ನಿಸಿತು.

ಅಷ್ಟರಲ್ಲಿ ನೀಲಮ್ಮನವರು ಒಳಗಿನಿಂದ ಮಜ್ಜಿಗೆ ತಂದು ಅಪ್ಪನ ಮುಂದಿಟ್ಟು, ಬಾಗಿಲಿಗೆ ಒರಗಿ ನಿಂತರು.

"ಸೀಮೆಎಣ್ಣಿ ಖರೇ. ನಾ ಇಲ್ಲ ಅನ್ನಂಗಿಲ್ಲ," ಎಂದರು. "ಆದ್ರ ನನ್ನ ತಮ್ಮಗ ಆ ಬುದ್ಧಿ ಯಾವಾಗ ಬಂತು ಕೇಳ್ರಿ. ಈ ಸಂಬಂಧ ಗೊತ್ತಾದ ಮ್ಯಾಲೇ ಬಂತು."

ಅಪ್ಪ ಲೋಟ ಕೆಳಗಿಟ್ಟರು. "ಬೀಗಿತ್ತಿಯವರೇ, ಮದುವೆಗೆ ನೀವು ಬಂದಿಳಿದಾಗ್ಲೇ ನಮ್ಮಂಗಳದಲ್ಲಿ ಅದು ಹಿಂಗೆ ಮಾಡಿತ್ತು. ನೋಡಿದವ್ರು ಇದ್ದಾರೆ. ಮಗಳು ಇನ್ನೂ ಅದನ್ನು ಹತ್ತಿರ್ಲಿಲ್ಲ."

"ಹತ್ತಿರಲಿಲ್ಲ," ಎಂದರು ನೀಲಮ್ಮನವರು, "ಆದ್ರ ಆಕೀನ್ನ ಕರಿಯಾಕ ಅಲ್ಲೇನ್ರಿ ಅದು ಬಂದಿದ್ದು?"

ಜಗಳದ ದನಿಯಲ್ಲಿ ಅಂದ ಮಾತಲ್ಲ. ಎಲ್ಲರಿಗೂ ತಿಳಿದ ಸಂಗತಿಯನ್ನು ನೆನಪಿಸುವವರ ಹಾಗೆ ಅಂದರು. ಅದಕ್ಕೆ ಏನು ಉತ್ತರ ಕೊಡಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ. ಶಿವಣ್ಣ ಒಳಗೆ ರೊಟ್ಟಿ ತಿನ್ನುತ್ತಿದ್ದ. ಸೀಮೆಎಣ್ಣೆ ಹಾಕಿದವನಿಗೆ ಆ ಮನೆಯಲ್ಲಿ ಯಾರೂ ಏನೂ ಅಂದಂತೆ ಕಾಣಲಿಲ್ಲ. ಭಾವ ಗಿರಣಿಯಲ್ಲಿದ್ದರು, ನಾವು ಹೋಗುವವರೆಗೂ ಮನೆಗೆ ಬರಲಿಲ್ಲ.

ಗೌರಿ ಹಬ್ಬದ ಹೊತ್ತಿಗೆ ಅಕ್ಕನನ್ನು ಕರೆಸಿಕೊಂಡರು. ಮಾವನವರ ಹಟದಿಂದ. ಕಾರು ಕಳಿಸಲಿಲ್ಲ, ಸರಿಹೋದ ಕಾರು ಮತ್ತೆ ಕೆಡುವುದು ಬೇಡ ಎಂದರು ನೀಲಮ್ಮನವರು. ಭಾವ ಬಸ್ಸಿನಲ್ಲಿ ಬಂದು ಟ್ರಂಕು ಹೊತ್ತುಕೊಂಡು ಕರೆದುಕೊಂಡು ಹೋದರು. ಈ ಸಲ ಜೊತೆಗೆ ಯಾರನ್ನೂ ಕಳಿಸುವ ರೂಢಿಯಿಲ್ಲ. ಅಂಗಳ ದಾಟುವಾಗ ಅಕ್ಕ ನನ್ನ ಕೆನ್ನೆ ಸವರಿದಳು. ಆ ಕಾರು ಮುಂದೆ ಎಷ್ಟೋ ವರ್ಷ ಓಡಿತು. ಅವಳು ಅದರಲ್ಲಿ ಮತ್ತೆ ಕೂರಲಿಲ್ಲ. ಹೆರಿಗೆಗೂ ಬಸ್ಸಿನಲ್ಲೇ ತವರಿಗೆ ಬಂದಳು.

ನಾನು ಓದಿ ಟೀಚರಾದೆ. ಮದುವೆಯಾಗಿ ಬಹಳ ವರ್ಷದ ಮೇಲೆ ನನ್ನ ಗಂಡ ಒಂದು ಹಳೆಯ ಕಾರು ಕೊಂಡರು. ಒಂದು ಬೇಸಿಗೆಯಲ್ಲಿ, ದೂರದ ಊರಿನಿಂದ ಬಂದು ಕೀಲಿ ತೆಗೆದಾಗ ಅದು ಗುಡುಗುಡು ಎಂದಿತು. ಅವರು ಬೈದುಕೊಳ್ಳುತ್ತ ಇಳಿದು, ಬಾನೆಟ್ ಎತ್ತಿ, ಸ್ಕ್ರೂಡ್ರೈವರಿನಿಂದ ಒಂದು ಸ್ಕ್ರೂವನ್ನು ಸ್ವಲ್ಪ ಸಡಿಲಿಸಿದರು. "ಜೋರು ತಿರುಗ್ತಿತ್ತು, ಅಷ್ಟೇ. ಆಮೇಲೆ ಮಸಿ ತೆಗೆಸಿದ್ರೆ ಆಯ್ತು," ಎಂದು ಕೈ ಒರೆಸಿಕೊಂಡು ಒಳಗೆ ಹೋದರು. ಕಾಫಿ ಆರುವಷ್ಟೂ ಹೊತ್ತು ಹಿಡಿಯಲಿಲ್ಲ. ನಾನು ಅಲ್ಲೇ ಜಗಲಿಯ ಮೇಲೆ ಕೂತು ಅತ್ತುಬಿಟ್ಟೆ.

ಮರುವಾರವೇ ಶಿಕಾರಿಪುರಕ್ಕೆ ಹೋದೆ. ನೀಲಮ್ಮನವರು ತೀರಿಹೋಗಿದ್ದರು. ಕಾರನ್ನು ಯಾವತ್ತೋ ಮಾರಿದ್ದರು. ಅಕ್ಕನ ತಲೆ ನೆರೆತಿತ್ತು, ಮಾತು ಪೂರ್ತಿ ಆ ಮನೆಯ ಮಾತಾಗಿತ್ತು. ನಾನು ಎಲ್ಲವನ್ನೂ ಹೇಳಿದೆ: ಸ್ಕ್ರೂ, ಮಸಿ, ಕೆಂಡ, ಕಿಡಿಯಿಲ್ಲದೆ ಹತ್ತಿಕೊಳ್ಳುವ ಪೆಟ್ರೋಲು. ಅವಳು ಕೇಳಿಸಿಕೊಂಡಳು, ತಲೆಯಾಡಿಸಿದಳು. ಅವಳೇ ಹದಿನೇಳನೆಯ ವಯಸ್ಸಿಗೆ ಒಲೆಯ ಮುಂದೆ ಕೂತು ಇದನ್ನೇ ಹೇಳಿದ್ದಳೆಂದು ನೆನಪಿಸಿದೆ.

"ಹೌದು, ಹೇಳಿದ್ದೆ," ಎಂದಳು. ಕೂತಲ್ಲಿಂದಲೇ ನನ್ನ ಕಡೆ ತಿರುಗಿದಳು.

"ಆದ್ರೂ ಶಾರದಾ, ನಾ ತವರಿಗೆ ಬಂದ ಮ್ಯಾಲೇ ಅಲ್ಲೇನವಾ ಅದು ಸರಿ ಆಗಿದ್ದು?"

ನಾನು ಅವಳ ಮುಖ ನೋಡಿದೆ. ತಮಾಷೆಗೆ ಅಂದದ್ದಲ್ಲ. ಕಾರುಗಳು ಹೋದವು, ಆ ಧೂಳಿನ ರಸ್ತೆಗಳು ಹೋದವು, ಹಾಗೆ ಕಾಡಿದವರೂ ಹೋದರು. ಹೋದದ್ದರಲ್ಲಿ ನನಗೆ ಮರಳಿ ಬೇಕೆನ್ನಿಸುವುದು ಒಂದೇ: ಎರಡು ಗಡಿಗೆ ಅಕ್ಕಪಕ್ಕ ಇಟ್ಟು ನೋಡೋಣ ಎನ್ನುತ್ತಿದ್ದ ಆ ಹುಡುಗಿ. ಅವಳನ್ನು ನಾನು ಆ ಮನೆಯಲ್ಲಿ ಬಹಳ ಹೊತ್ತು ಹುಡುಕಿದೆ. ಅಕ್ಕ ಎದ್ದು ನನಗೆ ಕಾಫಿ ಮಾಡಲು ಒಳಗೆ ಹೋದಳು.